ಸಂಜೆ ಆರೂವರೆಯ ಸುತ್ತು: ಕಾಡಂಚಿನ ತೋಟದ ಮನೆಯಲ್ಲಿ ನಾಯಿ, ದನ, ಚಿರತೆ, ಆನೆ ಎಲ್ಲರ ಜೊತೆ ಇರುವುದು ಹೇಗೆ

ನಮ್ಮ ಕರಿಯನನ್ನು ಚಿರತೆ ಹೊತ್ತೊಯ್ದಾಗ ಗಂಟೆ ಇನ್ನೂ ಎಂಟೂಕಾಲು. ಟಿವಿಯಲ್ಲಿ ಧಾರಾವಾಹಿ ನಡೆಯುತ್ತಿತ್ತು, ಅತ್ತೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದರು. ನಾಯಿ ಎರಡು ಸಲ ಬೊಗಳಿತು. ಮೂರನೇ ಸಲ ಬೊಗಳಲು ಹೋಗಿದ್ದು ಅರ್ಧಕ್ಕೇ ನಿಂತಿತು. ಎಲ್ಲರ ಕಿವಿಗೂ ಬಿತ್ತು, ಯಾರೂ ಏಳಲಿಲ್ಲ. ಅನ್ನ ಹಾಕೋಣ ಅಂತ ಹೋಗಿ ನೋಡಿದರೆ ಚೈನು ಜಗಲಿಯ ಕಂಬದಲ್ಲಿ ಕಟ್ಟಿದ ಹಾಗೇ ಇತ್ತು. ತುದಿಯಲ್ಲಿ ಬಕಲ್ ಕಿತ್ತ ಬೆಲ್ಟು. ರಕ್ತ ಕೂಡ ಜಾಸ್ತಿ ಇರಲಿಲ್ಲ, ನಾಲ್ಕೈದು ಹನಿ.

ಎಲ್ಲರೂ ಚಿರತೆಯನ್ನು ಬೈದರು. ನಾನೂ ಬೈದೆ. ಸ್ವಲ್ಪ ದಿನ ಕಳೆದ ಮೇಲೆ ಅದೇ ಜಗಲಿಯಲ್ಲಿ ಕೂತು ಲೆಕ್ಕ ಹಾಕಿದೆ. ಓಡಲಾಗದ ಹಾಗೆ ನಾಯಿಯನ್ನು ಕಟ್ಟಿದ್ದು ನಾವು. ಕಾಫಿ ಗಿಡ ಅಲ್ಲಿಂದ ಇಪ್ಪತ್ತು ಹೆಜ್ಜೆ. ಪಕ್ಕದಲ್ಲೇ ಕೋಳಿ ಗೂಡು, ಹಿಂದಿನ ದಿನದ ಮೂಳೆ ಅಲ್ಲೇ ಬಿದ್ದಿತ್ತು. ತಟ್ಟೆಯಲ್ಲಿ ಬಡಿಸಿಟ್ಟ ಹಾಗಿತ್ತು, ಅಲ್ವಾ?

ನಮ್ಮದು ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆ ಸಣ್ಣ ಕಾಫಿ ತೋಟ. ಈಚೆಗೆ ನಮ್ಮ ಕಡೆ, ಮೂಡಿಗೆರೆ ಕಡೆ, ಬೇಲೂರು ಆಲೂರು ಕಡೆ ತೋಟದಲ್ಲಿ ಹೊಸದಾಗಿ ಮನೆ ಮಾಡುವವರು ಜಾಸ್ತಿಯಾಗಿದ್ದಾರೆ. ಬಂದ ತಿಂಗಳೊಳಗೆ ಒಂದು ನಾಯಿಮರಿ, ನಾಲ್ಕು ಕೋಳಿ ತರುತ್ತಾರೆ. ಆರು ತಿಂಗಳಲ್ಲಿ ಎರಡೂ ಇರುವುದಿಲ್ಲ. ಅವರಿಗೆ ನಾನು ಫೋನಿನಲ್ಲಿ ತುಂಡು ತುಂಡಾಗಿ ಹೇಳುವುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಕಾಡುಪ್ರಾಣಿ ಅಂಗಳಕ್ಕೆ ಬರುವುದು ಬಹುಪಾಲು ನಾವು ಕತ್ತಲಾದ ಮೇಲೆ ಹೊರಗೆ ಬಿಟ್ಟ ಯಾವುದೋ ಒಂದು ವಸ್ತುವಿಗಾಗಿ. ಆ ವಸ್ತು ಯಾವುದು ಅಂತ ಹುಡುಕಿ ಒಳಗಿಡುವುದೇ ಮುಖ್ಯ ಕೆಲಸ. ಉಳಿದದ್ದೆಲ್ಲ ಆಮೇಲೆ.

ಮೊದಲು ಒಂದು ಸುತ್ತು ಬನ್ನಿ

ಇವತ್ತೇ ಸಂಜೆ ಆರೂವರೆಗೆ ಒಂದು ಬ್ಯಾಟರಿ ಹಿಡಿದು ಮನೆ ಸುತ್ತ ನಡೆಯಿರಿ. ಕಣ್ಣೆತ್ತರದಲ್ಲಿ ನೋಡಿದರೆ ಏನೂ ಕಾಣುವುದಿಲ್ಲ. ಮೊಣಕಾಲೂರಿ ಕೂತು ನೋಡಬೇಕು. ಮುಂಗುಸಿ, ಹಾವು, ಕಬ್ಬೆಕ್ಕು, ಚಿರತೆ ಎಲ್ಲವೂ ಮನೆಯನ್ನು ನೋಡುವುದು ಆ ಎತ್ತರದಿಂದ.

ನಾನು ಹಾಗೆ ಮೊದಲ ಸಲ ಸುತ್ತಿದಾಗ ಸಿಕ್ಕಿದ್ದು ಇಷ್ಟು: ನಾಯಿ ತಟ್ಟೆಯಲ್ಲಿ ಮಿಕ್ಕ ಅನ್ನ, ಬಚ್ಚಲಿನ ಹಿಂದೆ ಮೀನು ತೊಳೆದ ನೀರಿನ ವಾಸನೆ, ಕೊಟ್ಟಿಗೆ ಬಾಗಿಲ ಕೆಳಗೆ ಅಂಗೈ ಹೋಗುವಷ್ಟು ಸಂದು, ಗೋಡೆಗೆ ಒರಗಿಸಿದ ಸೌದೆ, ಬಾಗಿಲ ಮುಂದೆಯೇ ಹಣ್ಣಾಗಿ ಒಡೆದು ಬಿದ್ದ ಹಲಸು. ಇಷ್ಟಕ್ಕೆ ಅಷ್ಟೂ ಪ್ರಾಣಿಗಳು ಬರುತ್ತಿದ್ದವು. ನಿಮ್ಮ ಪಟ್ಟಿ ಬೇರೆ ಇರಬಹುದು. ಬರೆದುಕೊಂಡು ಒಂದೊಂದಾಗಿ ಸರಿ ಮಾಡಿ. ಆಮೇಲೆ ಈ ಸುತ್ತು ದಿನವೂ ಇರಲಿ. ದೀಪ ಹಚ್ಚುವ ಹೊತ್ತು ಅಂತ ಇಟ್ಟುಕೊಂಡರೆ ಮರೆಯುವುದಿಲ್ಲ.

ನಾಯಿಗೆ ಗೂಡು

ಕಾಡಂಚಿನಲ್ಲಿ ಚಿರತೆಗೆ ನಾಯಿ ಸುಲಭದ ಊಟ. ಜಿಂಕೆ, ಕಾಡುಕುರಿ ಹಿಡಿಯಲು ಓಡಬೇಕು, ಹೊಂಚಬೇಕು. ಕಟ್ಟಿದ ನಾಯಿಗೆ ಏನೂ ಬೇಡ. ಆದ್ದರಿಂದ ರಾತ್ರಿ ನಾಯಿಯನ್ನು ಚೈನಿನಲ್ಲಿ ಕಟ್ಟಬೇಡಿ, ಬಿಡಲೂಬೇಡಿ. ಗೂಡಿನಲ್ಲಿ ಕೂಡಬೇಕು.

ಗೂಡು ಅಂದರೆ ನಾಲ್ಕೂ ಕಡೆ ಮತ್ತು ಮೇಲೆ ಮುಚ್ಚಿದ್ದು. ಬಹಳ ಜನ ಮೇಲಿನದನ್ನೇ ಮರೆಯುತ್ತಾರೆ. ಎತ್ತರದ ಗೋಡೆ ಇದೆಯಲ್ಲ ಅಂದುಕೊಳ್ಳುತ್ತಾರೆ. ಚಿರತೆಗೆ ಅದು ಗೋಡೆಯೇ ಅಲ್ಲ. ಕೆಳಗಿನ ಎರಡು ಅಡಿ ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕ್ ಇರಲಿ, ಅದರ ಮೇಲೆ ದಪ್ಪ ವೆಲ್ಡ್ ಮೆಶ್. ಬರೀ ಮೆಶ್ ಹಾಕಿದರೆ ನಾಯಿ ಅದಕ್ಕೆ ಒರಗಿ ಮಲಗುತ್ತದೆ, ಹೊರಗಿನಿಂದ ಪಂಜ ಹಾಕಿದರೆ ಸಿಗುತ್ತದೆ. ಕೋಳಿಗೆ ಹಾಕುವ ತೆಳ್ಳನೆಯ ಜಾಲರಿ ಇಲ್ಲಿ ಏನೇನೂ ಸಾಲದು. ಬಾಗಿಲಿಗೆ ಬೋಲ್ಟು, ಅದಕ್ಕೊಂದು ಕೊಂಡಿ. ನೆಲ ಅರ್ಧ ಅಡಿ ಎತ್ತರ ಇರಲಿ. ನಮ್ಮ ಮಳೆಗಾಲ ನಿಮಗೇ ಗೊತ್ತು. ಮಲಗಲು ಗೋಣಿಚೀಲ ಹಾಕಿದರೆ ಪ್ರತಿ ವಾರ ಬಿಸಿಲಿಗೆ ಹಾಕಿ, ಇಲ್ಲದಿದ್ದರೆ ಚಿಗಟ. ಗೂಡು ಮನೆಗೆ ಅಂಟಿಕೊಂಡೇ ಇರಲಿ, ಮಲಗುವ ಕೋಣೆಯ ಕಿಟಕಿಗೆ ಕಾಣುವ ಹಾಗೆ.

ಊಟವನ್ನು ಗೂಡಿನೊಳಗೇ ಹಾಕಿ, ಬೆಳಕು ಇರುವಾಗಲೇ. ಈಗಿರುವ ನಮ್ಮ ಚಿನ್ನಿ ಆರೂವರೆ ಆಗುವಷ್ಟರಲ್ಲಿ ತಾನೇ ಹೋಗಿ ಗೂಡಿನ ಬಾಗಿಲಲ್ಲಿ ಕೂರುತ್ತದೆ. ಒಳ್ಳೆಯ ಬುದ್ಧಿ ಅಂತ ಬಂದವರು ಹೊಗಳುತ್ತಾರೆ. ಬುದ್ಧಿ ಏನಿಲ್ಲ, ಅನ್ನ ಅಲ್ಲಿ ಸಿಗುತ್ತದೆ ಅಂತ ಗೊತ್ತು.

"ಹಾಗಾದರೆ ಕಾವಲಿಗೆ ಯಾರು?" ಅಂತ ಪಕ್ಕದ ತೋಟದ ಗೌಡ್ರು ಕೇಳಿದರು. ಗೂಡಿನೊಳಗಿಂದಲೂ ನಾಯಿ ಬೊಗಳುತ್ತದೆ ಗೌಡ್ರೇ, ನಮಗೆ ಬೇಕಾಗಿರುವುದು ಅದರ ಗಂಟಲು ತಾನೆ ಅಂದೆ. ನಾಯಿ ರಾತ್ರಿ ಕುಯ್ಯೋ ಅಂದರೆ, ಬಾಗಿಲು ಪರಪರ ಕೆರೆದರೆ, ಬೊಗಳುತ್ತಿದ್ದದ್ದು ಥಟ್ಟನೆ ನಿಂತರೆ ಬಾಗಿಲು ತೆಗೆದು ಓಡಬೇಡಿ. ಒಳಗಿನಿಂದಲೇ ಹೊರಗಿನ ಲೈಟ್ ಹಾಕಿ, ಪಾತ್ರೆ ಬಡಿಯಿರಿ, ಜೋರಾಗಿ ಮಾತಾಡಿ. ಚಿರತೆಗೆ ಜನ ಬೇಡ, ಹೋಗಿಬಿಡುತ್ತದೆ. ಹೋಗಲು ದಾರಿ ಇದ್ದರೆ ಸಾಕು.

ಆನೆ ವಿಷಯದಲ್ಲಿ ನಾಯಿ ಬೇರೆಯೇ ತಾಪತ್ರಯ. ತೋಟದಲ್ಲಿ ಬಿಟ್ಟ ನಾಯಿ ಆನೆ ಕಂಡರೆ ಬೊಗಳಿಕೊಂಡು ಮುಂದೆ ಹೋಗುತ್ತದೆ. ಆನೆ ತಿರುಗಿತೋ, ನಾಯಿ ಬಾಲ ಮಡಚಿಕೊಂಡು ಸೀದಾ ಯಜಮಾನನ ಕಾಲ ಬುಡಕ್ಕೆ ಬರುತ್ತದೆ. ಹಿಂದೆಯೇ ಆನೆ. ಆನೆ ಓಡಾಟ ಇರುವ ದಿನಗಳಲ್ಲಿ ನಾಯಿಯನ್ನು ಜೊತೆಯಲ್ಲಿ ಕರೆದುಕೊಂಡು ತೋಟ ಸುತ್ತಬೇಡಿ. ಪ್ರೀತಿ ಇದ್ದರೆ ಮನೆಯಲ್ಲೇ ಬಿಟ್ಟು ಹೋಗಿ.

ಇನ್ನು ಲಸಿಕೆ. ಮರಿಗೆ ಆರರಿಂದ ಎಂಟು ವಾರಕ್ಕೆ ಮೊದಲ ಡೋಸ್, ಆಮೇಲೆ ಡಾಕ್ಟರ್ ಹೇಳಿದ ದಿನಕ್ಕೆ ಬೂಸ್ಟರ್. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ನಂತರ ಪ್ರತಿ ವರ್ಷ. ಇದು ನಾಯಿಗೆ ಮಾತ್ರ ಅಂತ ತಿಳಿಯಬೇಡಿ. ಊರ ನಾಯಿಗೆ ಬರುವ ಡಿಸ್ಟೆಂಪರ್ ಕಾಡಿನ ಸೀಳುನಾಯಿಗೂ, ನರಿಗೂ ಅಂಟುತ್ತದೆ. ನಮ್ಮ ನಾಯಿ ಅತ್ತ ಹೋಗಿ ಮೂಸಿ ಬಂದರೆ ಸಾಕು. ಸಂತಾನಹರಣ ಆಪರೇಷನ್ ಕೂಡ ಮಾಡಿಸಿ. ಬೆದೆಯ ಕಾಲದಲ್ಲಿ ಊರು ಸುತ್ತುವ ನಾಯಿಯೇ ಚಿರತೆ ಬಾಯಿಗೆ ಬೀಳುವುದು ಜಾಸ್ತಿ. ಮರಿ ಹಾಕಿಸಿ, ಬೇಡದವನ್ನು ಗೋಣಿಚೀಲದಲ್ಲಿ ಹಾಕಿ ಘಾಟಿ ರಸ್ತೆ ಬದಿ ಬಿಟ್ಟು ಬರುವವರು ಇದ್ದಾರೆ. ಆ ಮರಿಗಳ ರುಚಿ ಹಿಡಿದ ಚಿರತೆ ಮುಂದೆ ಯಾರ ಅಂಗಳಕ್ಕೆ ಬರುತ್ತದೆ ಅಂತ ಅವರು ಯೋಚಿಸುವುದಿಲ್ಲ.

ಮಳೆಗಾಲದಲ್ಲಿ ನಾಯಿ ಒಂದೇ ಸಮ ಸೀನುತ್ತಾ, ಒಂದೇ ಹೊಳ್ಳೆಯಿಂದ ರಕ್ತ ಸುರಿಸಿದರೆ ಗಾಬರಿ ಬೇಡ, ಮೂಗಿನೊಳಗೆ ಇಂಬಳ (ಜಿಗಣೆ) ಇರಬಹುದು. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ತೋರಿಸಿಕೊಟ್ಟ ಉಪಾಯ ಇದು. ಸ್ವಲ್ಪ ಹೊತ್ತು ನಾಯಿಗೆ ನೀರು ಕೊಡಲಿಲ್ಲ. ಆಮೇಲೆ ಅಗಲ ಬೋಗುಣಿಯಲ್ಲಿ ತಣ್ಣೀರು ಇಟ್ಟಳು. ನಾಯಿ ಮೂಗು ತಗ್ಗಿಸಿ ಕುಡಿಯುತ್ತಿದ್ದ ಹಾಗೆ ಕಪ್ಪು ದಾರದ ತುದಿಯಂಥದ್ದೊಂದು ಹೊಳ್ಳೆಯಿಂದ ಇಣುಕಿತು. ನೀರಿನ ತಂಪಿಗೆ ಇಂಬಳ ಹೊರಗೆ ಬರುತ್ತದೆ. ಅಕ್ಕ ಬಟ್ಟೆ ಸುತ್ತಿದ ಬೆರಳಲ್ಲಿ ಗಪ್ಪನೆ ಹಿಡಿದು, ಜಗ್ಗದೆ ನಿಧಾನ ಎಳೆದಳು. ಎರಡು ದಿನದಲ್ಲಿ ಬರದಿದ್ದರೆ ಪಶು ಆಸ್ಪತ್ರೆಗೆ ಹೋಗಿ. ಎರಡೂ ಹೊಳ್ಳೆಯಲ್ಲಿ ರಕ್ತ ಬಂದು, ಒಸಡು ಬಿಳಿಚಿಕೊಂಡು, ನಾಯಿ ಊಟ ಬಿಟ್ಟಿದ್ದರೆ ಅದು ಇಂಬಳ ಅಲ್ಲ, ಉಣ್ಣೆ (ಉಣುಗು) ಕಚ್ಚಿ ಬರುವ ಜ್ವರ ಇರಬಹುದು. ಅದಕ್ಕೆ ಕಾಯಬೇಡಿ, ಅದೇ ದಿನ ಹೋಗಿ.

ಕೊಟ್ಟಿಗೆ, ಕೋಳಿ ಗೂಡು

ನಮ್ಮ ಕಡೆಯ ಹಳೇ ಕೊಟ್ಟಿಗೆಗಳಿಗೆ ಅರ್ಧ ಗೋಡೆ, ಮೇಲೆ ಗಾಳಿಗೆ ಖಾಲಿ. ದನಕ್ಕೆ ಗಾಳಿ ಒಳ್ಳೆಯದೇ. ಆದರೆ ಚಿರತೆ ಆ ಅರ್ಧ ಗೋಡೆಯ ಮೇಲೆ ಕೂತು ಕರುವನ್ನು ಆರಿಸಿಕೊಳ್ಳುತ್ತದೆ. ಗೋಡೆ ಮುಗಿದ ಜಾಗದಿಂದ ಮಾಡಿನವರೆಗೆ ಕಬ್ಬಿಣದ ಮೆಶ್ ಹಾಕಿಸಿದರೆ ಗಾಳಿಯೂ ಬರುತ್ತದೆ, ಚಿರತೆ ಬರುವುದಿಲ್ಲ. ಒಂದೇ ಸಲ ಖರ್ಚು. ಆಗದಿದ್ದರೆ ಮೊದಲು ಒಂದು ಮೂಲೆಯನ್ನಾದರೂ ಭದ್ರ ಮಾಡಿ, ಕರುಗಳನ್ನು ಅಲ್ಲಿ ಕಟ್ಟಿ. ಮೇಯಲು ಬಿಟ್ಟ ದನ ಹೊತ್ತು ಮುಳುಗುವ ಮೊದಲು ಬರಬೇಕು. ಬಾರದ ಹಸುವನ್ನು ಕತ್ತಲಲ್ಲಿ ಒಬ್ಬರೇ ಹುಡುಕಿಕೊಂಡು ಹೋಗುವುದಂತೂ ಬೇಡವೇ ಬೇಡ.

ಕೋಳಿಗೆ ಶತ್ರುಗಳು ಜಾಸ್ತಿ: ಮುಂಗುಸಿ ಹಗಲು, ಕಬ್ಬೆಕ್ಕು ರಾತ್ರಿ, ಹೆಬ್ಬಾವು ಯಾವಾಗ ಬೇಕಾದರೂ. ಅರ್ಧ ಇಂಚಿನ ಮೆಶ್ ಹಾಕಿ. ಅದನ್ನು ನೆಲದ ಮಟ್ಟಕ್ಕೆ ನಿಲ್ಲಿಸದೆ ಒಂದು ಅಡಿ ಮಣ್ಣಿನೊಳಗೆ, ಹೊರಮುಖವಾಗಿ ಬಗ್ಗಿಸಿ ಹೂಳಿ. ಕೆರೆಯುವ ಪ್ರಾಣಿ ಗೂಡಿನ ಬುಡದಲ್ಲೇ ಕೆರೆಯುತ್ತದೆ, ಮೆಶ್ ತಗಲುತ್ತದೆ, ಬಿಟ್ಟು ಹೋಗುತ್ತದೆ. ಮೊಟ್ಟೆ ಸಂಜೆಯೇ ತೆಗೆಯಿರಿ.

ಅಟ್ಟದ ಮೇಲೆ ರಾತ್ರಿ ಧಡಧಡ ಸದ್ದು, ಬಾಸುಮತಿ ಅಕ್ಕಿ ಬೇಯುವಂಥ ಒಂದು ವಾಸನೆ ಬಂದರೆ ದೆವ್ವ ಅಲ್ಲ, ಕಬ್ಬೆಕ್ಕು. ಹಣ್ಣು ತಿಂದು, ಇಲಿ ಹಿಡಿದು ಬದುಕುವ ಪಾಪದ ಪ್ರಾಣಿ. ನಿಮ್ಮ ಕಾಫಿ ಹಣ್ಣಿನಲ್ಲೂ ಒಳ್ಳೆಯದನ್ನೇ ಆರಿಸಿ ತಿನ್ನುತ್ತದೆ. ಓಡಿಸಲೇಬೇಕಿದ್ದರೆ ಅದು ಮೇವಿಗೆ ಹೊರಗೆ ಹೋದ ಮೇಲೆ ಹೆಂಚಿನ ಸಂದು ಮುಚ್ಚಿ. ಒಳಗೆ ಮರಿ ಇಲ್ಲ ಅಂತ ಮೊದಲು ನೋಡಿಕೊಳ್ಳಿ.

ಭತ್ತ, ಉಪ್ಪು, ಹಲಸು

ಆನೆ ಮನೆಗೆ ಬಂದು ಗೋಡೆ ಬೀಳಿಸಿತು ಅಂತ ಸುದ್ದಿ ಬಂದಾಗ ಆ ಗೋಡೆಯ ಹಿಂದೆ ಏನಿತ್ತು ಅಂತ ಕೇಳಿ ನೋಡಿ. ಬಹಳ ಸಲ ಭತ್ತ ಇರುತ್ತದೆ, ಇಲ್ಲವೇ ಅಕ್ಕಿ, ಉಪ್ಪಿನ ಮೂಟೆ, ಬೆಲ್ಲ, ದನದ ಹಿಂಡಿ. ಆನೆಗೆ ಕಣ್ಣು ಅಷ್ಟಕ್ಕಷ್ಟೇ, ಮೂಗು ಮಾತ್ರ ಭಾರಿ ಚುರುಕು. ಭತ್ತವನ್ನು ಜಗಲಿಯಲ್ಲಿ, ತಗಡಿನ ಶೆಡ್ಡಿನಲ್ಲಿ ರಾಶಿ ಹಾಕಬೇಡಿ. ಬಿಗಿ ಮುಚ್ಚಳದ ಡ್ರಮ್ಮಿನಲ್ಲಿ ತುಂಬಿಸಿ ಮನೆಯ ಮಧ್ಯದ ಕೋಣೆಯಲ್ಲಿಡಿ. ಹೊರಗೋಡೆಗೆ ತಾಗಿದ ಕೋಣೆಯಲ್ಲಿ ಬೇಡ, ಮಂಚದ ತಲೆ ಹತ್ತಿರವಂತೂ ಬೇಡ. ವರ್ಷದ ಭತ್ತವನ್ನೆಲ್ಲ ಮನೆಯಲ್ಲೇ ಇಟ್ಟುಕೊಳ್ಳುವ ಬದಲು ಬೇಕಾದಷ್ಟು ಇಟ್ಟು ಉಳಿದದ್ದು ಮಿಲ್ಲಿಗೆ ಕಳಿಸಿ.

ಹಲಸಿನ ಮರ ಮನೆ ಹತ್ತಿರ ಇದ್ದರೆ ಕಾಯಿ ಎಳೆಯದಾಗಿರುವಾಗಲೇ ಇಳಿಸಿಬಿಡಿ. ಹಣ್ಣಾಗುವ ತನಕ ಕಾದರೆ ಅದರ ಘಮ ಎರಡು ತೋಟ ದಾಟುತ್ತದೆ. ಮರ ಕಡಿಸಬೇಕಿಲ್ಲ. ಬೇಕಾದರೆ ತೋಟದ ದೂರದ ಮೂಲೆಯ ಮರದ ಹಣ್ಣು ಆನೆಗೇ ಇರಲಿ ಅಂತ ಬಿಡಿ. ನಾವು ಹಾಗೇ ಮಾಡುತ್ತೇವೆ. ಬಾಳೆ ಕೂಡ ಮನೆ ಗೋಡೆಗೆ ಒತ್ತಿ ಹಾಕಬೇಡಿ, ನೋಡಲು ಚೆಂದ ಅಂತ ಹಾಕಿದವರೆಲ್ಲ ಆಮೇಲೆ ಕಿತ್ತಿದ್ದಾರೆ.

ಆನೆ ಎಲ್ಲಿದೆ ಅಂತ ತಿಳಿಯುವುದು ಈಗ ಮೊದಲಿಗಿಂತ ಸುಲಭ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯಲ್ಲಿ ಅರಣ್ಯ ಇಲಾಖೆಯ ಆನೆ ಕಾರ್ಯಪಡೆ ಇದೆ. ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಹಾಕಿದ್ದಾರೆ. ಹಿಂಡು ಯಾವ ತೋಟದಲ್ಲಿದೆ ಅಂತ ವಾಟ್ಸಾಪ್ ಗುಂಪಿನಲ್ಲಿ ಬರುತ್ತದೆ. ನಿಮ್ಮ ವಲಯದ ಗಾರ್ಡ್ ಹತ್ತಿರ ಕೇಳಿ ಆ ಗುಂಪಿಗೆ ಸೇರಿಕೊಳ್ಳಿ. ಬೆಳಿಗ್ಗೆ ಎದ್ದು ಹಾಲು ಕರೆಯುವ ಮೊದಲು ಅದನ್ನೊಮ್ಮೆ ನೋಡಿ. ಕೆಲಸದವರನ್ನು ತೋಟಕ್ಕೆ ಕಳಿಸುವ ಮೊದಲಂತೂ ಕಡ್ಡಾಯ. ಆನೆ ಹಗಲಿನಲ್ಲಿ ಕಾಫಿ ಗಿಡದ ನಡುವೆ ಸುಮ್ನೆ ನಿಂತಿದ್ದರೆ ಹತ್ತಡಿ ದೂರಕ್ಕೂ ಕಾಣುವುದಿಲ್ಲ. ನಂಬಲು ಕಷ್ಟ, ಆದರೆ ನಿಜ.

ಎದುರಿಗೆ ಸಿಕ್ಕರೆ ಕಲ್ಲು ಹೊಡೆಯುವುದು, ವಿಡಿಯೋ ಮಾಡುವುದು, ಪಟಾಕಿ ಎಸೆಯುವುದು ಬೇಡ. ಬಂದ ದಾರಿಯಲ್ಲೇ ಹಿಂದೆ ಹೋಗಿ. 2023ರ ಡಿಸೆಂಬರ್ 4ರಂದು ನಮ್ಮ ತಾಲ್ಲೂಕಿನ ಯಸಳೂರು ಭಾಗದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸಾಕಾನೆ ಅರ್ಜುನ ಸತ್ತದ್ದು ನೆನಪಿದೆಯಲ್ಲ. ಎಂಟು ಸಲ ದಸರಾ ಅಂಬಾರಿ ಹೊತ್ತವನು. ಅಂಥವನೇ ಒಂಟಿ ಸಲಗದ ಎದುರು ಉಳಿಯಲಿಲ್ಲ. ನಮ್ಮ ಕೈಲಿರುವುದು ಕಳೆ ಕತ್ತಿ.

ಹಾವು, ಇಲಿ, ಬೆಕ್ಕು

ಈ ಮೂರನ್ನು ಒಟ್ಟಿಗೇ ಹೇಳಬೇಕು. ಕಾಳು ಚೆಲ್ಲಿದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಸೌದೆಯನ್ನು ಗೋಡೆಯಿಂದ ದೂರ, ಒಂದು ಅಡಿ ಎತ್ತರದ ಅಟ್ಟಣಿಗೆಯ ಮೇಲೆ ಪೇರಿಸಿ. ಹಂಡೆ ಒಲೆಗೆ ಸೌದೆ ಬೇಕಾದರೆ ಹಗಲಲ್ಲೇ ತಂದಿಟ್ಟುಕೊಳ್ಳಿ. ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ. ಗಮ್ ಬೂಟನ್ನು ಹೊರಗೆ ಬಿಟ್ಟರೆ ಕೋಲಿನ ಮೇಲೆ ತಲೆಕೆಳಗಾಗಿ ಸಿಕ್ಕಿಸಿಡಿ, ಹಾಕುವ ಮೊದಲು ಕೊಡವಿ. ಇಷ್ಟೂ ಮಾಡಿದವರ ಮನೆಗೆ ಹಾವು ಬರುವುದಿಲ್ಲ ಅಂತಲ್ಲ, ಬಂದರೂ ನಿಲ್ಲುವುದಿಲ್ಲ.

ಕೊಳಕುಮಂಡಲ ಕುಕ್ಕರ್ ವಿಷಲ್ ಸಣ್ಣಗೆ ಬಿಟ್ಟ ಹಾಗೆ ಬುಸುಗುಡುತ್ತದೆ, ಕೇಳಿದವರು ಮರೆಯುವುದಿಲ್ಲ. ಕಟ್ಟುಹಾವು ಹಾಗಲ್ಲ. ರಾತ್ರಿ ಸದ್ದಿಲ್ಲದೆ ಬರುತ್ತದೆ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಎಳೆದ ಹಾಗೆ ಆಗುವುದು ಅದರ ಗುರುತು. ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯನ್ನು ಹಾಸಿಗೆ ಕೆಳಗೆ ಸಿಕ್ಕಿಸಿ. ಕಾಫಿ ಕೊಯ್ಲಿನಲ್ಲಿ ಗಿಡದ ಕೊಂಬೆಯ ಮೇಲೆ ಎಲೆಯ ಹಾಗೇ ಸುರುಳಿ ಸುತ್ತಿ ಕೂರುವ ಗುಳಿಮಂಡಲ ಇನ್ನೊಂದು. ಹಸಿರೂ ಇರುತ್ತದೆ, ಕಂದೂ ಇರುತ್ತದೆ. ಗಿಡಕ್ಕೆ ಕೈ ಹಾಕುವ ಮೊದಲು ಒಂದು ಕ್ಷಣ ನೋಡಬೇಕು, ಅಷ್ಟೇ.

ಕಚ್ಚಿದರೆ ಮಾಡುವುದು ಕಡಿಮೆ, ಮಾಡಬಾರದ್ದೇ ಜಾಸ್ತಿ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿ ಹಾಕಿ ಹೀರಬೇಡಿ, ನಾಟಿ ಔಷಧಿ ಅಂತ ಹೊತ್ತು ಕಳೆಯಬೇಡಿ. ಉಂಗುರ, ಬಳೆ, ಕಾಲುಚೈನು ತೆಗೆಯಿರಿ. ಕಚ್ಚಿದ ಕೈಕಾಲು ಅಲ್ಲಾಡದ ಹಾಗೆ ಇಟ್ಟು 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಹೊರಡಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಕೊಡುವ ಔಷಧ ಒಂದೇ. ಆದ್ದರಿಂದ ಹಾವನ್ನು ಹಿಡಿದು, ಕೊಂದು ಆಸ್ಪತ್ರೆಗೆ ತರುವ ಅಗತ್ಯ ಇಲ್ಲ. ಗುಳಿಮಂಡಲಕ್ಕೆ ಈ ಔಷಧ ಕೆಲಸ ಮಾಡುವುದಿಲ್ಲ, ಆದರೂ ಆಸ್ಪತ್ರೆಗೆ ಹೋಗಲೇಬೇಕು. 2024ರಿಂದ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡುವುದು ಕಡ್ಡಾಯ. ಯಾವ ಆಸ್ಪತ್ರೆಯಲ್ಲಿ ವಿಷನಿವಾರಕ ಇದೆ ಅಂತ ಕಚ್ಚಿದ ಮೇಲೆ ವಿಚಾರಿಸುವುದಲ್ಲ, ಈಗಲೇ ಕೇಳಿಟ್ಟುಕೊಳ್ಳಿ.

ಹಾವು ಕಂಡ ತಕ್ಷಣ ದೊಣ್ಣೆ ಹಿಡಿಯುವ ಅಭ್ಯಾಸ ಬಿಡಿ. ಕೇರೆ ಹಾವು ನಿಮ್ಮ ಇಲಿ ತಿನ್ನುತ್ತದೆ. ಕಾಳಿಂಗ ಬೇರೆ ಹಾವುಗಳನ್ನೇ ತಿನ್ನುತ್ತದೆ. ಕಾಳಿಂಗ ಕಂಡರೆ ಮಕ್ಕಳು, ನಾಯಿ ಎಲ್ಲರನ್ನೂ ಒಳಗೆ ಕರೆದು ದೂರದಿಂದ ಕಣ್ಣಿಟ್ಟಿರಿ, ಅರಣ್ಯ ಇಲಾಖೆಗೆ ಹೇಳಿ. ಸಾಮಾನ್ಯವಾಗಿ ಅವರು ಬರುವಷ್ಟರಲ್ಲಿ ಅದೇ ಹೋಗಿರುತ್ತದೆ.

ಇಲಿಗೆ ಪಾಷಾಣ ಹಾಕುವುದನ್ನು ನಾನು ನಿಲ್ಲಿಸಿದೆ. ವಿಷ ತಿಂದ ಇಲಿ ತೂಗಾಡುತ್ತಾ ಅಂಗಳಕ್ಕೆ ಬಂತು, ಅದನ್ನು ನಮ್ಮ ಬೆಕ್ಕು ಹಿಡಿಯಿತು. ಮೂರನೇ ದಿನ ಬೆಕ್ಕು ಇರಲಿಲ್ಲ. ಗೂಬೆಗಳಿಗೂ ಹೀಗೇ ಆಗುತ್ತದೆ. ಬೋನು ಇಡಿ, ಕಾಳು ಮುಚ್ಚಿಡಿ, ಒಂದು ಬೆಕ್ಕು ಸಾಕಿ. ಬೆಕ್ಕನ್ನು ರಾತ್ರಿ ಒಳಗೇ ಮಲಗಿಸಿ. ಅದು ಉಳಿಯುತ್ತದೆ, ಜೊತೆಗೆ ಮರದ ಮೇಲಿನ ಹಕ್ಕಿ ಮರಿಗಳೂ ಉಳಿಯುತ್ತವೆ.

ಮಂಗ ಮತ್ತು ಉಣ್ಣೆ

ಮಂಗಕ್ಕೆ ಒಂದು ಸಲ ಬಾಳೆಹಣ್ಣು ಕೊಟ್ಟರೆ ಮುಂದಿನ ವಾರ ಹೆಂಚು ತೆಗೆದು ಅಡುಗೆಮನೆಗೆ ಇಳಿಯುತ್ತದೆ. ಕೊಡಬೇಡಿ. ಮನೆಗೆ ಬಂದ ನೆಂಟರ ಮಕ್ಕಳಿಗೂ ಹೇಳಿ. ಅಡುಗೆ ಕಸ ಹಾಕುವ ಗುಂಡಿಗೆ ಭಾರದ ಮುಚ್ಚಳ ಬೇಕು.

ಸತ್ತ ಮಂಗ ಕಂಡರೆ ಮಾತ್ರ ವಿಷಯ ಬೇರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಇವತ್ತಿಗೂ ಮಲೆನಾಡಿನಲ್ಲಿದೆ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ನರಸಿಂಹರಾಜಪುರ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹರಡುವುದು ಉಣ್ಣೆಯಿಂದ. ಡಿಸೆಂಬರ್‌ನಿಂದ ಮೇವರೆಗೆ ಜೋರು. ಸತ್ತ ಮಂಗದ ಮೈಯಿಂದ ಉಣ್ಣೆಗಳು ಇಳಿದು ಸುತ್ತಲಿನ ತರಗೆಲೆಯಲ್ಲಿ ಕಾಯುತ್ತವೆ. ಹತ್ತಿರ ಹೋಗಬೇಡಿ, ಮುಟ್ಟಬೇಡಿ, ನಾಯಿಯನ್ನು ಬಿಡಬೇಡಿ. ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ತಕ್ಷಣ ಹೇಳಿ.

ತರಗು ಗುಡಿಸಲು, ಸೌದೆ ತರಲು ಹೋಗುವಾಗ ಉದ್ದ ತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸ್ ಒಳಗೆ. ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಇದ್ದರೆ ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿನೀರು, ಸೋಪಿನ ಸ್ನಾನ. ಬಟ್ಟೆಯನ್ನು ಹಾಸಿಗೆ ಮೇಲೆ ಎಸೆಯಬೇಡಿ, ಬಿಸಿನೀರಿನಲ್ಲಿ ನೆನೆಸಿ. ಮೈಗೆ ಕಚ್ಚಿದ ಉಣ್ಣೆಯನ್ನು ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಸುಡುವುದು, ಸೀಮೆಎಣ್ಣೆ ಸುರಿಯುವುದು, ಉಗುರಿನಲ್ಲಿ ಹೊಸಕುವುದು ಬೇಡ. ಥಟ್ಟನೆ ಜೋರು ಜ್ವರ, ತಲೆನೋವು, ಸೊಂಟ ಕಾಲು ಸೆಳೆತ ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ. ಮೇಯಲು ಹೋದ ದನ, ಸುತ್ತಾಡಿ ಬಂದ ನಾಯಿ ಉಣ್ಣೆಯನ್ನು ಮನೆವರೆಗೆ ಹೊತ್ತು ತರುತ್ತವೆ. ಪಶುವೈದ್ಯರನ್ನು ಕೇಳಿ ಅವಕ್ಕೂ ಔಷಧ ಹಾಕಿಸಿ.

ಮಂಗ, ನಾಯಿ, ನರಿ, ಯಾವುದೇ ಕಚ್ಚಲಿ, ಪರಚಲಿ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಅಂದಾಜಿನ 15 ನಿಮಿಷ ಮೂರೇ ನಿಮಿಷ ಆಗಿರುತ್ತದೆ. ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಅದೇ ದಿನ ಲಸಿಕೆ. ಚರ್ಮದ ಪದರಕ್ಕೆ ಕೊಡುವ ಕ್ರಮದಲ್ಲಿ 0, 3, 7, 28ನೇ ದಿನ. ನಾಲ್ಕೂ ಮುಗಿಸಿ. ರಕ್ತ ಬಂದ ಗಾಯವಾದರೆ ಅದರ ಜೊತೆ ಇನ್ನೊಂದು ಇಂಜೆಕ್ಷನ್ (ಇಮ್ಯುನೋಗ್ಲೋಬುಲಿನ್) ಗಾಯದ ಸುತ್ತ ಕೊಡುತ್ತಾರೆ, ಅದನ್ನು ಕೇಳಿಯೇ ಹಾಕಿಸಿಕೊಳ್ಳಿ.

ಬೇಲಿ

ಐಬೆಕ್ಸ್ ಬೇಲಿ ಅಂತ ನಾವು ಕರೆಯುವ ಸೋಲಾರ್ ಬೇಲಿ ಕೊಲ್ಲುವುದಿಲ್ಲ. ಸೆಕೆಂಡಿಗೊಮ್ಮೆ ಸಣ್ಣ ಹೊಡೆತ ಕೊಟ್ಟು ನಿಲ್ಲುತ್ತದೆ. ಅದರ ಆಯಸ್ಸು ಬ್ಯಾಟರಿಯಲ್ಲಿ ಇಲ್ಲ, ಕಳೆ ಕತ್ತಿಯಲ್ಲಿದೆ. ಮಳೆಗಾಲದಲ್ಲಿ ಬಳ್ಳಿ ತಂತಿಗೆ ತಗಲಿದರೆ ಕರೆಂಟು ನೆಲಕ್ಕೆ ಇಳಿದುಹೋಗುತ್ತದೆ. ಬೇಲಿ ಇದೆ ಅಂತ ನಾವು ನಿದ್ದೆ ಮಾಡುತ್ತೇವೆ, ಹಂದಿ ದಾಟುತ್ತದೆ. 15 ದಿನಕ್ಕೊಮ್ಮೆ ಬುಡ ಸವರಿ, ಸಂಜೆ ಸುತ್ತಿನಲ್ಲಿ ಟೆಸ್ಟರ್ ಹಿಡಿದು ನೋಡಿ. ಆನೆಗೆ ಈ ಬೇಲಿ ಪೂರ್ತಿ ತಡೆ ಅಲ್ಲ. ದಂತಕ್ಕೆ ಶಾಕ್ ತಗಲುವುದಿಲ್ಲ ಅಂತ ಅದು ಕಲಿತಿದೆ, ಮರ ಬೀಳಿಸಿ ತಂತಿ ಹರಿಯುವುದೂ ಗೊತ್ತು.

ಮನೆಯ ಕರೆಂಟನ್ನು ನೇರ ಬೇಲಿಗೆ ಕೊಡುವುದು ಕೊಲೆ. ಹಂದಿಗೆ ಅಂತ ಕೊಟ್ಟದ್ದು ಆನೆಯನ್ನು, ಪಕ್ಕದ ಮನೆಯ ಹುಡುಗನನ್ನು, ಕೊಟ್ಟವನನ್ನೇ ಕೊಂದಿದೆ. ಉರುಳು ಹಾಕುವುದೂ ಅಷ್ಟೇ. ಹಂದಿಗೆ ಹಾಕಿದ ಉರುಳಿಗೆ ಚಿರತೆಯೋ ನಿಮ್ಮ ನಾಯಿಯೋ ಬೀಳುತ್ತದೆ. ಸೊಂಟಕ್ಕೆ ಬ್ರೇಕ್ ವಯರ್ ಬಿಗಿದು ಕೂತ ಚಿರತೆಯ ಹತ್ತಿರ ಯಾರೂ ಹೋಗಲಾಗುವುದಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಎರಡಕ್ಕೂ ಕೇಸು, ಜೈಲು ಇದೆ. ತೋಟದಲ್ಲಿ ನಡೆಯುವಾಗ ಉರುಳು ಕಂಡರೆ ಕಿತ್ತು ತನ್ನಿ.

ಫೋನ್ ನಂಬರು, ಒಂದು ಕವರು

ಅಡುಗೆಮನೆ ಬಾಗಿಲಿಗೆ ಇವನ್ನು ದೊಡ್ಡದಾಗಿ ಬರೆದು ಅಂಟಿಸಿ: ಅರಣ್ಯ ಇಲಾಖೆ ಸಹಾಯವಾಣಿ 1926, ಪಶು ಆಂಬ್ಯುಲೆನ್ಸ್ 1962, ಮನುಷ್ಯರ ಆಂಬ್ಯುಲೆನ್ಸ್ 108, ತುರ್ತು ಕರೆ 112. ಕೆಳಗೆ ನಿಮ್ಮ ವಲಯದ ಗಾರ್ಡ್ ಮತ್ತು ಹತ್ತಿರದ ಪಶುವೈದ್ಯರ ನಂಬರು. ನಮ್ಮ ಕಡೆ ಮಳೆ ಬಂದರೆ ನೆಟ್‌ವರ್ಕ್ ಹೋಗುತ್ತದೆ. ಮನೆಯ ಸುತ್ತ ಯಾವ ಜಾಗದಲ್ಲಿ ಎರಡು ಕಡ್ಡಿ ಸಿಗುತ್ತದೆ ಅಂತ ಮನೆಯವರಿಗೆಲ್ಲ ಗೊತ್ತಿರಲಿ.

ಹಸುವೋ ಕರುವೋ ಚಿರತೆಗೆ ಸಿಕ್ಕಿ ಸತ್ತರೆ ಹೆಣವನ್ನು ಜರುಗಿಸಬೇಡಿ, ಹೂಳಬೇಡಿ. ಸಿಟ್ಟಿನಲ್ಲಿ ಅದಕ್ಕೆ ವಿಷ ಹಾಕುವುದಂತೂ ಅಪರಾಧ, ಜೊತೆಗೆ ನಿಮ್ಮದೇ ನಾಯಿ ಮೊದಲು ಸಾಯುತ್ತದೆ. ಕಿವಿಯ ಓಲೆ (ನಂಬರಿನ ಟ್ಯಾಗ್) ಕಾಣುವ ಹಾಗೆ, ಕುತ್ತಿಗೆಯ ಗಾಯ ಕಾಣುವ ಹಾಗೆ, ಸುತ್ತಲಿನ ಜಾಗ ಕಾಣುವ ಹಾಗೆ ಫೋಟೋ ತೆಗೆಯಿರಿ. ಹೆಜ್ಜೆ ಗುರುತು ಇದ್ದರೆ ಅದರ ಪಕ್ಕ ಬೆಂಕಿಪೊಟ್ಟಣ ಇಟ್ಟು ಇನ್ನೊಂದು ಫೋಟೋ, ಮೇಲೆ ಬೋಗುಣಿ ಕವುಚಿ, ಮಳೆಗೆ ಅಳಿಸಬಾರದು. ಅರಣ್ಯ ಇಲಾಖೆಯವರು ಬಂದು ಮಹಜರು ಮಾಡುತ್ತಾರೆ, ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುತ್ತಾರೆ. ಪರಿಹಾರದ ಅರ್ಜಿ ಇಲಾಖೆಯ ಇ-ಪರಿಹಾರ ವ್ಯವಸ್ಥೆಯಲ್ಲಿ ಹೋಗುತ್ತದೆ. ಬೆಳೆ ಹಾನಿಗೂ ಇದೇ ದಾರಿ. ಅರ್ಜಿ ನಂಬರು ಬರೆದಿಟ್ಟುಕೊಳ್ಳಿ.

ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಮೂರರ ಎರಡೆರಡು ಜೆರಾಕ್ಸ್ ಮೊದಲೇ ಮಾಡಿಸಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ. ಕರೆಂಟಿಲ್ಲದ ದಿನವೇ ಇದೆಲ್ಲ ಬೇಕಾಗುವುದು. ನಮ್ಮದು ದೇವರ ಗೂಡಿನಲ್ಲಿ, ಪಂಚಾಂಗದ ಹಿಂದೆ ಇದೆ.